ಸೋಮವಾರದ ಬ್ಯಾಟರಿ

"ಕೀ ಕೊಡ್ರಿ!"

"ಕೊಡಲ್ಲ!"

ಪಿಕಪ್ ಗಾಡಿಯ ಬಾಗಿಲಿಗೆ ಒರಗಿ ನಿಂತ ಕೀರ್ತನಾ ಕೀಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅರ್ಧ ಗಂಟೆಯಿಂದ ಗುರುಗುಡುತ್ತಿದ್ದ ಎಂಜಿನ್ ಈಗಷ್ಟೇ ಸುಮ್ಮನಾಗಿತ್ತು. ಶ್ರೀರಾಂಪುರದ ಆಚೆಯ ಆ ಹುಲ್ಲುಗಾವಲಿಗೆ ಸಂಜೆಯ ಸದ್ದುಗಳು ಒಂದೊಂದಾಗಿ ಮರಳಿ ಬಂದವು... ಕುರಿಗಳ ಅರಚಾಟ, ನಾಯಿಯ ಕೊರಳ ಗೆಜ್ಜೆ, ಬಾರೆ ಮರದಲ್ಲಿ ಗುಬ್ಬಿಗಳ ಜಗಳ.

"ಏನ್ರಿ ನೀವು! ಗಾಡಿ ಒಳಗೆ ಕೈ ಹಾಕಿ ಕೀ ಕಿತ್ಕಂಡ್ರೆ ಹೆಂಗೆ?"

"ನೀವು ಹಿಂಗೆ ಗುರ್ ಅನ್ನಿಸ್ತಾ ಕುಂತ್ರೆ ಹೆಂಗೆ? ಅಲ್ಲಿ ನೋಡ್ರಿ. ಇವತ್ತು ಹುಟ್ಟಿದ ಮರಿ ಅದು. ಸದ್ದಿಗೆ ತಾಯಿ ಬೆದರಿ ಮೊಲೆ ಕೊಡ್ತಿಲ್ಲ!"

ಅವನು ತಿರುಗಿ ನೋಡಿದ. ಮುಳ್ಳುಬೇಲಿಯ ರೊಪ್ಪದ ಮೂಲೆಯಲ್ಲಿ ಕರಿ ಕುರಿಯೊಂದು ಕಾಲು ಝಾಡಿಸುತ್ತಿತ್ತು. ಮರಿ ಬೀಳುತ್ತ ಏಳುತ್ತ ಮತ್ತೆ ಅದರ ಹೊಟ್ಟೆಯಡಿಗೇ ಹೋಗುತ್ತಿತ್ತು.

ಅವನ ಸಿಟ್ಟು ಇಳಿಯಿತು. ಆದರೆ ಮರುಕ್ಷಣವೇ ಗಾಡಿಯ ಹಿಂದಿದ್ದ ನೀಲಿ ಪೆಟ್ಟಿಗೆಯತ್ತ ಓಡಿದ.

"ಪೆಟ್ಟಿಗೆ ದೀಪ ಆರಿಹೋತು..." ಎಂದ. ಮನೆಯಲ್ಲಿ ಯಾರೋ ಉಸಿರು ಬಿಟ್ಟರು ಎನ್ನುವಂಥ ದನಿ!

ಅದು ಎರಡು ಸಾವಿರದ ಒಂದರ ಮೇ ತಿಂಗಳು. ಕೀರ್ತನಾಳ ಹಟ್ಟಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಮಳೆ ಬಿದ್ದು ಹಸಿ ಹುಲ್ಲು ಚಿಗುರಿದರೆ ಸಾಕು, ಕರುಳುಬೇನೆ ಬಂದು ಕುರಿಗಳು ನಿಂತಲ್ಲೇ ಉರುಳುತ್ತಿದ್ದವು. ಹೋದ ವರ್ಷ ಅವಳು ಬಾಟಲಿ ಹಾಲು ಕುಡಿಸಿ ಸಾಕಿದ ಬೆಳ್ಳಿಯೂ ಹಾಗೇ ಹೋಗಿತ್ತು. ಅದಕ್ಕೇ ಈ ಸಲ ಮಳೆಗೆ ಮುಂಚೆ ಲಸಿಕೆ ಹಾಕುವ ಕ್ಯಾಂಪ್. ಡಾಕ್ಟರು ತಿಪ್ಪೇರುದ್ರಪ್ಪನವರು ಸಂಜೆ ಬೈಕಿನಲ್ಲಿ ಹೊಸದುರ್ಗಕ್ಕೆ ಹೋಗಿಬಿಡುತ್ತಿದ್ದರು. ಗಾಡಿಯ ಪಕ್ಕ ಗುಡಾರ ಹಾಕಿಕೊಂಡು ಲಸಿಕೆ ಕಾಯುತ್ತಿದ್ದವನು ಅಂಜನ್.

"ಇದು ಗಾಡಿ ಬ್ಯಾಟ್ರಿಯಿಂದ ಓಡೋ ಫ್ರಿಜ್ಜು ಕಣ್ರಿ," ಅವನು ಮೆಲ್ಲಗೆ ಹೇಳಿದ. "ಎಂಜಿನ್ ನಿಲ್ಲಿಸಿ ಇದನ್ನ ಓಡಿಸಿದ್ರೆ ಬೆಳಿಗ್ಗೆ ಹೊತ್ತಿಗೆ ಬ್ಯಾಟ್ರಿ ಖಾಲಿ. ಭರಮಸಾಗರದ ಕಡೆ ಹಂಗೇ ಆಗಿ ಊರಿನೋರೆಲ್ಲ ಗಾಡಿ ತಳ್ಳಿದ್ರು. ಇದನ್ನೇ ನಿಲ್ಲಿಸಿದ್ರೆ ಲಸಿಕೆ ಹಾಳು. ಕೈ ಕೊಡ್ರಿ ಇಲ್ಲಿ."

ಅವಳು ಅನುಮಾನದಿಂದಲೇ ಕೈ ಚಾಚಿದಳು. ಅವನು ಪುಟ್ಟ ಸೀಸೆಯೊಂದನ್ನು ಅವಳ ಮಣಿಕಟ್ಟಿನ ಮೇಲಿಟ್ಟ.

ಅಬ್ಬಾ!

ಮೇ ತಿಂಗಳ ಆ ಧಗೆಯಲ್ಲಿ ಇಂಥ ತಂಪು! ಅಜ್ಜಿಯ ಕಥೆಗಳಲ್ಲಿ ಬರುವ ಏಳು ಕೆರೆಗಳ ಅಡಿಯ ನೀರು ಹೀಗೇ ಇರುತ್ತದೇನೋ ಅನ್ನಿಸಿತು ಅವಳಿಗೆ. ಕೀಲಿ ಹಿಡಿದಿದ್ದ ಇನ್ನೊಂದು ಕೈ ತಾನಾಗಿಯೇ ಮುಂದೆ ಬಂತು.

"ಇನ್ನೊಂದು ಬ್ಯಾಟ್ರಿ ಇದ್ರೆ ಗಾಡಿ ನಿಲ್ಲಿಸಬೌದಾ?" ಕೇಳಿದಳು.

"ಬೌದು. ಈ ಕಾವಲಾಗೆ ಎಲ್ಲಿಂದ ತರ್ಲಿ?"

ಕೀರ್ತನಾ ನಕ್ಕಳು. ಹಟ್ಟಿಯಲ್ಲಿ ಇದ್ದದ್ದು ಒಂದೇ ಟೀವಿ. ಅದಕ್ಕೆ ಜೀವ ಒಂದೇ ಬ್ಯಾಟರಿ. ಹದಿನೈದು ದಿನಕ್ಕೊಮ್ಮೆ ಸೈಕಲ್ ಮೇಲೆ ಹೊಸದುರ್ಗಕ್ಕೆ ಹೋಗಿ ಮುರುಗೇಶಪ್ಪನ ಅಂಗಡಿಯಲ್ಲಿ ಚಾರ್ಜ್ ಆಗಿ ಬರುತ್ತಿತ್ತು. ಅದನ್ನು ಅವಳು ತಲೆಯ ಮೇಲೆ ಹೊತ್ತು ಗಾಡಿಯ ಬಳಿಗೆ ತಂದಾಗ ಚಿಕ್ಕಪ್ಪ ಪಾಲಯ್ಯ ಹಿಂದಿನಿಂದಲೇ ಓಡಿಬಂದ.

"ಲೇ ಹುಡುಗಿ, ಭಾನುವಾರದ ಸಿನಿಮಾ?"

"ಸಿನಿಮಾ ಮುಂದಿನ ವಾರಾನೂ ಬತ್ತೈತೆ ಚಿಕ್ಕಪ್ಪ. ಸತ್ತ ಕುರಿ ಬತ್ತೈತಾ?"

ಪಾಲಯ್ಯ ಗೊಣಗಿಕೊಂಡು ಹೋದ. ಅಂಜನ್ ಮಾತ್ರ ಅವಳನ್ನೇ ನೋಡುತ್ತಾ ನಿಂತುಬಿಟ್ಟಿದ್ದ.

ಆಮೇಲಿನ ದಿನಗಳು... ಈಗ ನೆನೆದರೂ ಕೀರ್ತನಾಳ ಮಣಿಕಟ್ಟು ತಣ್ಣಗಾಗುತ್ತದೆ! ಹಗಲು ಗಾಡಿ ಓಡುವಾಗ ಟೀವಿ ಬ್ಯಾಟರಿ ತುಂಬಿಕೊಳ್ಳುತ್ತಿತ್ತು. ಸಂಜೆಯಾದರೆ ಫ್ರಿಜ್ಜಿಗೆ ಉಣಿಸುತ್ತಿತ್ತು. ಅವಳು ಕುರಿ ಹಿಡಿಯುತ್ತಿದ್ದಳು, ಅವನು ಸೂಜಿ ಚುಚ್ಚುತ್ತಿದ್ದ. ಚುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಕಳಿಸುತ್ತಿದ್ದ. 'ಕುರಿಗೇ ಇಷ್ಟು ಮೆತ್ತಗೆ ಮುಟ್ಟುವವನು...' ಎಂದುಕೊಂಡು ಅವಳು ಅಲ್ಲಿಗೇ ಯೋಚನೆ ನಿಲ್ಲಿಸುತ್ತಿದ್ದಳು!

ಶನಿವಾರ ಸಂಜೆ ಅಜ್ಜಿ ಜುಂಜಮ್ಮ ಮಜ್ಜಿಗೆ ಚೊಂಬು ಹಿಡಿದು ಬಂದಳು.

"ಯಾವ ಕಡೆಯೋನಪ್ಪ ನೀನು?"

"ಬಿ.ದುರ್ಗದ ಹತ್ರ ಹಟ್ಟಿ ಅಜ್ಜಿ. ನಮ್ಮದೂ ಕುರಿ ಮನೇನೇ. ಎಂಟು ವರ್ಷಕ್ಕೆ ಚಿತ್ರದುರ್ಗದ ಹಾಸ್ಟೆಲ್‌ಗೆ ಹಾಕಿದ್ರು. ಹಟ್ಟಿ ಅಂದ್ರೆ ಈಗ ಬರೀ ವಾಸನೆ ನೆನಪೈತೆ."

ಅಜ್ಜಿ ಅವನ ತಲೆ ಸವರಿದಳು. ಆಮೇಲೆ ಬ್ಯಾಟರಿಯತ್ತ ನೋಡಿ ಕೇಳಿದಳು. "ಇದಕ್ಕೆ ಬಿಡುವೇ ಇಲ್ವೇನಪ್ಪ? ಯಾವಾಗ್ಲೂ ದುಡೀತಾನೇ ಐತೆ?"

"ಇದೂ ಎತ್ತಿದ್ದಂಗೆ ಕಣಜ್ಜಿ! ಹಗಲು ಮೇಯ್ತೈತೆ, ಇರುಳು ದುಡೀತೈತೆ."

ಅವನು ನಕ್ಕ. ಅಜ್ಜಿ ನಗಲಿಲ್ಲ. ದೂರದ ಗುಡ್ಡದ ಮೇಲೆ ಮಲಗಿದಂತಿದ್ದ ಬಂಡೆಯನ್ನು ತೋರಿಸಿದಳು. "ಅದೂ ಎತ್ತೇ ಆಗಿತ್ತು. ಸೋಮವಾರ ಎತ್ತಿನ ಕೊರಳು ಬಿಚ್ಚಬೇಕು ಅನ್ನೋದ ಮರೆತು ಒಬ್ಬ ನೇಗಿಲು ಕಟ್ಟಿದ. ಸಾಲು ಮುಗಿಯೋಕೆ ಮುಂಚೆ ಮಲಗಿದ್ದು, ಏಳಲೇ ಇಲ್ಲ..."

ಭಾನುವಾರ ಸಂಜೆ ಅಂಜನ್ ಖಾಲಿ ಚೊಂಬು ಹಿಂದಿರುಗಿಸುತ್ತ ಕೇಳಿದ. "ಕ್ಯಾಂಪ್ ಮುಗಿದ ಮ್ಯಾಲೆ ನಂಗೆ ಮಜ್ಜಿಗೆ ಕೊಡೋರು ಯಾರು?"

"ಹೊಸದುರ್ಗದಾಗೆ ಹೋಟ್ಲಿಲ್ವಾ?"

"ಅವೆ. ಆದ್ರೆ ಅಲ್ಲಿ ಯಾರೂ ಕೀ ಕಿತ್ಕಳಲ್ಲ." ಅವನು ನೆಲ ನೋಡಿದ. "ನಾಳೆ ಡಾಕ್ಟ್ರ ಬೈಕಿನಾಗೆ ಪಕ್ಕದ ಹಟ್ಟಿಗೆ ಹೋಗ್ಬೇಕು, ಗಾಡಿ ಇಲ್ಲೇ ಇರ್ತೈತೆ. ಫ್ರಿಜ್ಜು ನೋಡ್ಕಳ್ರಿ. ಬಂದ ಮ್ಯಾಲೆ... ಒಂದು ಮಾತು ಹೇಳದೈತೆ."

ಒಂದು ಮಾತು! ಯಾವ ಮಾತು?

ಸೋಮವಾರ ಬೆಳಿಗ್ಗೆ ಫ್ರಿಜ್ಜಿನ ದೀಪ ನೋಡಿ ಹೋದವಳು ಮಧ್ಯಾಹ್ನದವರೆಗೂ ಆ ಮಾತಿನ ಜೊತೆಯಲ್ಲೇ ಮರಿಗಳನ್ನು ಮೇಯಿಸಿದಳು.

"ಕೀರ್ತನಾ!"

ಅವನ ದನಿ. ಅವಳು ಕಾಯುತ್ತಿದ್ದ ದನಿಯಲ್ಲ. ಓಡಿ ಬಂದಾಗ ಹಟ್ಟಿಯವರೆಲ್ಲ ಗಾಡಿಯ ಸುತ್ತ ನಿಂತಿದ್ದರು. ಫ್ರಿಜ್ಜಿನ ಹಸಿರು ದೀಪ ಆರಿತ್ತು. ಬ್ಯಾಟರಿಯ ತಂತಿಗಳು ಬಿಚ್ಚಿ ಬಿದ್ದಿದ್ದವು. ಡಾಕ್ಟರು ಪೆಟ್ಟಿಗೆಯೊಳಗಿನ ಥರ್ಮಾಮೀಟರ್ ತೆಗೆದು ನೋಡಿ ತಲೆಯಾಡಿಸಿದರು.

"ಬೆಳಗಿನಿಂದ ಬಿಸಿಲಿಗೆ ಬೆಂದೈತೆ. ಇನ್ನಿದು ಬರೀ ನೀರು ಕಣಯ್ಯ. ಸಾವಿರ ಕುರಿಗಾಗೋ ಲಸಿಕೆ!"

ಅಂಜನ್ ಅವಳತ್ತ ತಿರುಗಿದ. "ನಿಮಗೆ ಹೇಳಿ ಹೋಗಿದ್ದೆ ನಾನು. ಆವತ್ತು ಕೀ... ಇವತ್ತು ತಂತಿನಾ?"

ಅವಳು ಒಂದು ಹೆಜ್ಜೆ ಮುಂದಿಟ್ಟಳು. ನಾನಲ್ಲ ಎನ್ನಬೇಕು... ಅಷ್ಟರಲ್ಲಿ ಬ್ಯಾಟರಿಗೆ ಹೊದಿಸಿದ್ದ ಗೋಣಿಚೀಲದ ಅಂಚಿನಲ್ಲಿ ಒಂದೆಳೆ ಹಸಿರು ಕಂಡಿತು. ಗರಿಕೆ! ಪಕ್ಕದಲ್ಲೊಂದು ಬಟ್ಟಲು ನೀರು.

ಇವತ್ತು ಸೋಮವಾರ!

ಅವಳು ಅಜ್ಜಿಯನ್ನು ನೋಡಿದಳು. ಜನರ ಹಿಂದೆ ಜುಂಜಮ್ಮ ಕಕ್ಕಾಬಿಕ್ಕಿಯಾಗಿ ನಿಂತಿದ್ದಳು. ಬೆರಳ ತುದಿಯಲ್ಲಿ ಇನ್ನೂ ಕುಂಕುಮವಿತ್ತು. ಏನೋ ಹೇಳಲು ಬಾಯಿ ತೆರೆದಿದ್ದಳು.

"ಯಾರು ಕಿತ್ತೋರು? ಕೈ ಮುರೀತೀನಿ!" ಪಾಲಯ್ಯ ಗುಡುಗಿದ.

"ನಾನೇ!" ಕೀರ್ತನಾ ಕೂಗಿದಳು. "ನಾನೇ ಕಿತ್ತಿದ್ದು. ಟೀವಿಗೆ ಹಾಕಾಣ ಅಂತ..."

ಎಲ್ಲರೂ ಬೈದರು. ಅದ್ಯಾವುದೂ ಅವಳ ಕಿವಿಗೆ ಬೀಳಲಿಲ್ಲ. ಬಿದ್ದದ್ದು ಅಂಜನ್‌ನ ಸಣ್ಣ ದನಿಯೊಂದೇ.

"ಸತ್ತ ಕುರಿ ಬತ್ತೈತಾ ಅಂದೋರು ನೀವೇ ಅಲ್ವೇನ್ರಿ..."

ಅವನು ಗುಡಾರ ಮಡಚಿದ. ಬ್ಯಾಟರಿಯನ್ನು ಗೋಣಿಚೀಲ ಸಮೇತ ಎತ್ತಿ ಗಾಡಿಗಿಟ್ಟ. "ಚಾರ್ಜ್ ಮಾಡ್ಸಿ ಕಳಿಸ್ತೀನಿ" ಎಂದ, ಪಾಲಯ್ಯನಿಗೆ. ಅವಳಿಗಲ್ಲ. ಹೇಳದೆ ಉಳಿದ ಮಾತೂ ಅದೇ ಧೂಳಿನಲ್ಲಿ ಹೊರಟುಹೋಯಿತು.

ಸಂಜೆ ಅಜ್ಜಿ ಅವಳ ಪಕ್ಕ ಬಂದು ಕುಳಿತಳು.

"ಸುಳ್ಳು ಯಾಕೆ ಹೇಳ್ದೆ ಕೂಸೇ? ದುಡಿದು ದುಡಿದು ಸತ್ತೋಗ್ತೈತಲ್ಲ ಅಂತ ನಾನು ಕೊರಳು ಬಿಚ್ಚಿದೆ. ನೀರಿಟ್ಟೆ... ಕುಡೀಲಿಲ್ಲ ಅದು."

ಕೀರ್ತನಾ ನಕ್ಕಳು. ನಗುತ್ತಲೇ ಅಜ್ಜಿಯ ಮಡಿಲಿಗೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು.

ಹನ್ನೆರಡು ದಿನ ಕಳೆದವು. ಪಡುವಣದಲ್ಲಿ ಮೋಡ ಕಪ್ಪಾಗತೊಡಗಿತು. ಮಳೆ ಬಂದರೆ ಹುಲ್ಲು, ಹುಲ್ಲು ಬಂದರೆ ಬೇನೆ. ಕರಿ ಕುರಿಯ ಮರಿ ಈಗ ಜಿಗಿದಾಡುತ್ತಿತ್ತು. ಅದನ್ನು ಎದೆಗೊತ್ತಿಕೊಂಡು ಅವಳು ದಿನವೂ ದಾರಿ ನೋಡುತ್ತಿದ್ದಳು. 'ನನಗಾಗಿ ಬರುವುದು ಬೇಡ... ಇದಕ್ಕಾಗಿ ಬಂದರೆ ಸಾಕು.' ಹಾಗೆಂದುಕೊಳ್ಳುವಾಗ ಅದೂ ಸುಳ್ಳೆಂದು ಅವಳಿಗೆ ಗೊತ್ತಿತ್ತು!

ಹದಿಮೂರನೆಯ ದಿನ ಭಾನುವಾರ. ಸಂಜೆ ದಿಬ್ಬದಾಚೆ ಎಂಜಿನ್ ಸದ್ದು ಕೇಳಿತು... ಮತ್ತೆ ನಿಂತುಹೋಯಿತು.

ಅವನು ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ನಡೆದು ಬಂದ. ಅವಳ ಮುಂದೆ ನಿಂತು ಅಂಗೈ ಬಿಚ್ಚಿದ. ಅದರಲ್ಲಿ ಕೀಲಿ.

"ಬೈಯೋಕೆ ಮುಂಚೆ ನಾನೇ ನಿಲ್ಲಿಸಿದೀನಿ. ತಗಳ್ರಿ."

ಅವಳು ತೆಗೆದುಕೊಳ್ಳಲಿಲ್ಲ. ಕಣ್ಣು ಮಾತ್ರ ತುಂಬಿಬಂತು.

"ಮುರುಗೇಶಪ್ಪನ ಅಂಗಡೀಲಿ ಬ್ಯಾಟ್ರಿ ಚೀಲದಾಗೇ ಬಿದ್ದಿತ್ತು," ಅವನೆಂದ. "ಮೊನ್ನೆ ಚೀಲ ಬಿಚ್ಚಿ, 'ಏನಪ್ಪ, ಬ್ಯಾಟ್ರಿಗೂ ಪೂಜೆ ಮಾಡ್ಸಿದೀಯ?' ಅಂದ. ಕುಂಕುಮ, ಗರಿಕೆ... ನೋಡಿದ ತಕ್ಷಣ ಆ ಬಂಡೆ ಕಣ್ಣಿಗೆ ಬಂತು. ಎತ್ತಿದ್ದಂಗೆ ಅಂತ ಅಜ್ಜಿಗೆ ಹೇಳ್ದೋನು ನಾನು. ಹಟ್ಟೀಲಿ ಹುಟ್ಟಿ ಸೋಮವಾರ ಮರೆತೋನೂ ನಾನು. ತಂತಿ ಬಿಚ್ಚಿದ್ದು ನನ್ನ ಮಾತೇ ಕಣ್ರಿ. ಡಾಕ್ಟ್ರಿಗೂ ಹಂಗೇ ಬರೆದುಕೊಟ್ಟೆ. ಬೈದ್ರು, ಆಮೇಲೆ ಹೊಸ ಲಸಿಕೆ ತರ್ಸಿಕೊಟ್ರು."

"ನನ್ನ ಒಂದು ಮಾತು ಕೇಳಬೌದಿತ್ತು ನೀವು..."

"ಕೇಳ್ಬೇಕಿತ್ತು." ಅವನು ಒಪ್ಪಿಕೊಂಡ. "ತಪ್ಪಾತು ಕೀರ್ತನಾ."

ಅಷ್ಟರಲ್ಲಿ ಜುಂಜಮ್ಮ ಗಾಡಿಯ ಹಿಂದೆ ಇಣುಕಿ, "ಅಯ್ಯಾ, ಎರಡು ಅವೆ!" ಎಂದಳು.

ಹೌದು, ನೀಲಿ ಪೆಟ್ಟಿಗೆಯ ಪಕ್ಕ ಎರಡು ಬ್ಯಾಟರಿಗಳು. ಒಂದು ಹಟ್ಟಿಯದು, ಇನ್ನೊಂದು ಹೊಚ್ಚ ಹೊಸದು.

ಅಂಜನ್ ಅಜ್ಜಿಯ ಕಾಲು ಮುಟ್ಟಿದ. "ನಾಳೆ ಸೋಮವಾರ ನಿಮ್ಮದಕ್ಕೆ ರಜ ಅಜ್ಜಿ. ಹೊಸದು ದುಡೀತೈತೆ."

"ಅದಕ್ಕೆ ಬಿಡುವು?"

"ಮಂಗಳವಾರ. ಇದು ದುಡಿವಾಗ ಅದು ಮಲಕ್ಕಳ್ತೈತೆ."

ಅಜ್ಜಿಗೆ ಈ ಲೆಕ್ಕ ಹಿಡಿಸಿತು. ಕುಂಕುಮದ ಬಟ್ಟಲು ತರುತ್ತೇನೆಂದು ಹಟ್ಟಿಯತ್ತ ಹೊರಟಳು. ಹೋಗುತ್ತಾ ಒಮ್ಮೆ ತಿರುಗಿ ಇಬ್ಬರನ್ನೂ ನೋಡಿ ನಕ್ಕಳು.

ದೂರದಲ್ಲಿ ಮಿಂಚಿತು. ಗಾಳಿಯಲ್ಲಿ ಹಸಿ ಮಣ್ಣಿನ ವಾಸನೆ.

"ಆವತ್ತು ಒಂದು ಮಾತು ಹೇಳ್ತೀನಿ ಅಂದಿದ್ರಿ," ಕೀರ್ತನಾ ಕಾಲ್ಬೆರಳಿಂದ ನೆಲ ಕೆದರಿದಳು.

"ನಿಮ್ಮ ಮನೆಯೋರ ಹತ್ರ ಹೇಳಾಣ ಅಂತ ನಮ್ಮ ಅವ್ವನ್ನ ಕರ್ಕಂಬತ್ತೀನಿ. ಕ್ಯಾಂಪ್ ಮುಗಿದ ಮಾರನೇ ದಿನ. ಬರಲಾ?"

ಅವಳು ಕೈ ಚಾಚಿದಳು. ಅವನ ಅಂಗೈಯಿಂದ ಕೀಲಿಯನ್ನು ಮೆಲ್ಲಗೆ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ಏನ್ರಿ... ಅದನ್ನ ವಾಪಸ್ ಕೊಡ್ತೀರಾ?"

"ಕೊಡಲ್ಲ!"