ಗೆರೆ ಮುಟ್ಟಿದ ನೀರು

ಸೋಮವಾರ ಬೆಳಿಗ್ಗೆ ಅವಳು ಬಂದು ನೋಡಿದಾಗ ನೀರು ಗೆರೆಯಿಂದ ಕೂದಲೆಳೆಯಷ್ಟೂ ಕೆಳಗಿಳಿದಿರಲಿಲ್ಲ. ಮೊದಲು ಖುಷಿಯಾಯಿತು. ಹೆದರಿಕೆಯಾದದ್ದು ಆಮೇಲೆ.

ಅವಳ ಮೇಜಿನ ಮೇಲಿನ ಆ ಗಾಜಿನ ಟ್ಯಾಂಕ್ ದೊಡ್ಡದೇನಲ್ಲ, ಎಂಟು ಲೀಟರ್ ಹಿಡಿಯುವಂಥದ್ದು. ಒಳಗೆ ಒಂದು ಕಲ್ಲು. ಕಲ್ಲಿನ ಮೇಲೆ ಅಂಗಿಯ ಗುಂಡಿಗಳಂತೆ ಅರಳುವ ಏಳೆಂಟು ಹಸಿರು ಹವಳಗಳು, ಜೇನಿನ ಬಣ್ಣದ ಒಂದು ಪುಟ್ಟ ಕವಲುಹವಳ, ಒಂದು ಬಸವನಹುಳು. ಮಾರಿದವನು ಇದಕ್ಕೆ ಆರೈಕೆಯೇ ಬೇಡ ಎಂದಿದ್ದ. ವಾರಕ್ಕೊಮ್ಮೆ ಒಂದು ಚೊಂಬು ಹಳೆಯ ನೀರು ತೆಗೆದು ಹೊಸ ಉಪ್ಪುನೀರು ಹಾಕಿದರೆ ಸಾಕು. ನಡುವೆ ಆವಿಯಾಗಿ ಹೋದಷ್ಟಕ್ಕೆ ದಿನವೂ ಬರೀ ಸಿಹಿನೀರು, ಗಾಜಿನ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಎಳೆದ ಗೆರೆ ಮುಟ್ಟುವವರೆಗೆ. ಆರಿಹೋಗುವುದು ನೀರು ಮಾತ್ರ. ಉಪ್ಪು ಎಲ್ಲಿಗೂ ಹೋಗುವುದಿಲ್ಲ.

ಈಗ ಸುಮಾರು ನಾಲ್ಕು ವಾರದಿಂದ ನೀರು ಇಳಿದೇ ಇರಲಿಲ್ಲ. ಹೊಸ ಗಾಜಿನ ಮುಚ್ಚಳದ ಮಹಿಮೆ ಎಂದುಕೊಂಡಿದ್ದಳು. ಆದರೆ ಹವಳಗಳು ಬೇರೇನೋ ಹೇಳುತ್ತಿದ್ದವು. ಹಸಿರು ಗುಂಡಿಗಳು ಒಂದೊಂದಾಗಿ ಮುಖ ಮುಚ್ಚಿಕೊಂಡಿದ್ದವು. ಬಸವನಹುಳು ಗಾಜಿನ ಮೇಲಂಚಿಗೆ ಹತ್ತಿ, ನೀರಿನಿಂದ ತಪ್ಪಿಸಿಕೊಳ್ಳುವಂತೆ ಕೂತಿತ್ತು.

ಅದು ಹಲ್ಲು ಕಟ್ಟುವ ಲ್ಯಾಬ್. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚುಗಳಿಗೆ ಒಳಕೋಣೆಯಲ್ಲಿ ಒಬ್ಬಾತ ಪ್ಲಾಸ್ಟರ್ ಸುರಿಯುತ್ತಿದ್ದ. ಹೊರಗೆ ಕಿಟಕಿಯ ಪಕ್ಕ ಅವಳು ಪಿಂಗಾಣಿ ಹಲ್ಲಿಗೆ ಬಣ್ಣ ಕೂಡಿಸುತ್ತಿದ್ದಳು. ಬಿಳಿಯಿಂದ ಕಂದಿನವರೆಗೆ ಹದಿನಾರು ಹಲ್ಲುಗಳನ್ನು ಸಾಲಾಗಿ ಜೋಡಿಸಿದ ಶೇಡ್ ಪಟ್ಟಿ ಯಾವಾಗಲೂ ಅವಳ ಕೈಯಲ್ಲಿರುತ್ತಿತ್ತು. ಈಚೆಗೆ ಅವಳು ಅದನ್ನು ಟ್ಯಾಂಕಿನ ಗಾಜಿಗೂ ಹಿಡಿದು ನೋಡತೊಡಗಿದ್ದಳು. ಹೋದ ವಾರ ಕವಲುಹವಳ ಒಂಬತ್ತನೆಯ ಹಲ್ಲಿನ ಬಣ್ಣಕ್ಕೆ ಕೂಡುತ್ತಿತ್ತು. ಇಂದು ಐದನೆಯದಕ್ಕೆ.

ಒಂದನೆಯದು ಬರೀ ಬಿಳಿ, ಸತ್ತ ಹವಳದ ಬಣ್ಣ. ಅದರಾಚೆ ಬಣ್ಣವಿಲ್ಲ.

"ಏನು ಮೇಡಂ, ಹವಳಕ್ಕೂ ಹಲ್ಲು ಕಟ್ತೀರಾ?"

ಒಳಕೋಣೆಯ ಬಾಗಿಲಲ್ಲಿ ಅವನು ನಿಂತಿದ್ದ. ತಲೆಗೂದಲು, ಹುಬ್ಬು, ತೋಳು ಎಲ್ಲ ಬೆಳ್ಳಗೆ. ಲ್ಯಾಬಿನವರೆಲ್ಲ ಅವನನ್ನು ಸುಣ್ಣಪ್ಪ ಎಂದೇ ಕರೆಯುತ್ತಿದ್ದರು. ಅವನಿಗೂ ಅದೇ ಹೆಸರು ಒಗ್ಗಿಹೋಗಿತ್ತು.

ಬೇರೆ ದಿನವಾಗಿದ್ದರೆ ಅವಳು ಶೇಡ್ ಪಟ್ಟಿಯನ್ನು ಅವನ ಹುಬ್ಬಿಗೆ ಹಿಡಿದು, "ಒಂದನೇ ನಂಬರ್" ಎನ್ನುತ್ತಿದ್ದಳು. ಅವನು ಅಲ್ಲಾಡದೆ ನಿಲ್ಲುತ್ತಿದ್ದ, ಅವಳ ಬೆರಳು ಇನ್ನೂ ಒಂದು ಗಳಿಗೆ ಅಲ್ಲೇ ಇರಲಿ ಎಂಬಂತೆ. ಇಂದು ಅವಳು ತಿರುಗಿ ನೋಡಲೂ ಇಲ್ಲ.

"ಇನ್ನು ಎಷ್ಟು ದಿನ?" ಅವನು ಮೆಲ್ಲಗೆ ಕೇಳಿದ.

"ಹನ್ನೆರಡು."

ಐದು ತಿಂಗಳ ಹಿಂದೆ, ಇದೇ ಮೇಜಿನ ಎದುರು ಟೀ ಲೋಟ ಹಿಡಿದುಕೊಂಡು, ಅವನು ತನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದ. ಅವಳು ಟ್ಯಾಂಕನ್ನು ತೋರಿಸಿ, "ಇದು ಒಂದು ವರ್ಷ ಬದುಕಲಿ, ಆಮೇಲೆ ಹೇಳ್ತೀನಿ" ಎಂದಿದ್ದಳು.

"ಅದೇನು ಮೇಡಂ, ಮೀನಿಲ್ಲದ ನೀರಿನ ಹತ್ತಿರ ನನ್ನ ಜಾತಕ ತೋರಿಸ್ತೀರಾ?"

ಅವಳು ನಗಲಿಲ್ಲ. ಮದುವೆಯಾದ ಹನ್ನೊಂದನೆಯ ತಿಂಗಳಲ್ಲಿ ಗಂಡ ನಾಲ್ಕು ದಿನದ ಜ್ವರದಲ್ಲಿ ಹೋದದ್ದನ್ನು ಹೇಳಿದಳು. ಅಂದು ಅತ್ತೆ ಸಂಕಟದಲ್ಲಿ, ಇವಳ ಕೈಗುಣವೇ ಸರಿಯಿಲ್ಲ ಎಂದುಬಿಟ್ಟಿದ್ದರು. ಆಮೇಲೆ ಅದೇ ಅತ್ತೆ ಎಷ್ಟೋ ಸಲ ಆ ಕೈಯನ್ನೇ ಹಿಡಿದುಕೊಂಡು ಅತ್ತಿದ್ದರು. ಆದರೆ ಆಡಿದ ಮಾತು ಆಡಿದ ಜಾಗದಲ್ಲೇ ಕೂತಿತ್ತು. ಅಂದಿನಿಂದ ಈ ಟ್ಯಾಂಕ್ ಬರುವವರೆಗೆ ಅವಳು ಒಂದು ಹೂವಿನ ಕುಂಡವನ್ನೂ ಇಟ್ಟುಕೊಂಡಿರಲಿಲ್ಲ.

ಅವನು ಟೀ ಲೋಟ ಕೆಳಗಿಟ್ಟು ಹೇಳಿದ್ದ: "ನೀವು ಮಾಡಿದ ಹಲ್ಲಲ್ಲಿ ಅರ್ಧ ಊರು ನಗ್ತಾ ಇದೆ. ಕೈಗುಣದ ಮಾತು ಬಿಡಿ. ಆದ್ರೂ ಕಾಯ್ತೀನಿ."

ಈಗ ಟ್ಯಾಂಕಿಗೆ ಹನ್ನೊಂದು ತಿಂಗಳು ತುಂಬಿ ಹನ್ನೆರಡನೆಯದು ನಡೆಯುತ್ತಿತ್ತು.

ಅವಳ ಕಣ್ಣು ಟ್ಯಾಂಕಿನ ಬುಡದ ಮೇಲೆ ಬಿತ್ತು. ಮೇಜಿನ ಕಪ್ಪು ಹಲಗೆಯ ಮೇಲೆ ತೆಳ್ಳಗೆ ಬಿಳಿಯ ಪುಡಿ. ಗಾಜಿನ ಅಂಚಿನಲ್ಲೂ ಅದೇ. ಅವಳು ಥಟ್ಟನೆ ಅವನತ್ತ ತಿರುಗಿದಳು.

"ನಾನಿಲ್ಲದಾಗ ನೀವು ಇಲ್ಲಿಗೆ ಬಂದಿದ್ರಾ?"

ಅವನ ಮುಖದಲ್ಲಿ ಏನೋ ಹಾದುಹೋಯಿತು. "ಬಂದ್ರೆ ಏನಾಯ್ತು ಮೇಡಂ?"

"ಏನಾಯ್ತಾ? ಮೈಮೇಲೆಲ್ಲ ಪ್ಲಾಸ್ಟರ್ ಸುರ್ಕೊಂಡು ಬಂದು ನಿಲ್ತೀರ. ಅದೆಲ್ಲ ಒಳಗೆ ಬಿದ್ದು ಇದು ಸಾಯ್ತಾ ಇದೆ! ನಿಮಗೆ ಉತ್ತರ ಬೇಕಲ್ವಾ, ಇದೇ ಉತ್ತರ ಅಂದ್ಕೊಳ್ಳಿ!"

ಅವನು ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಆಮೇಲೆ ಅವನ್ನು ಬೆನ್ನ ಹಿಂದೆ ಇಟ್ಟುಕೊಂಡ, ತಪ್ಪು ಮಾಡಿದ ಮಕ್ಕಳ ಹಾಗೆ. "ಇನ್ನು ಈ ಕಡೆ ಹೀಗೆ ಬರಲ್ಲ" ಎಂದಷ್ಟೇ ಹೇಳಿ ಒಳಗೆ ಹೋದ.

ಅಂದಿನಿಂದ ಅವನು ಅವಳ ಟೇಬಲ್ಲಿನತ್ತ ಬರುವುದಿದ್ದರೆ ಕೈಕಾಲು ತೊಳೆದು, ಬಟ್ಟೆ ಕೊಡವಿಕೊಂಡು ಬರುತ್ತಿದ್ದ. ಪ್ಲಾಸ್ಟರ್ ಮಾದರಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟು, ಮಾತಿಲ್ಲದೆ ಹೋಗುತ್ತಿದ್ದ. ಫೋನ್ ಎತ್ತುವ ಹೆಂಗಸು, "ಏನಮ್ಮಾ, ನಮ್ಮ ಸುಣ್ಣಪ್ಪ ಮನುಷ್ಯನ ಬಣ್ಣಕ್ಕೆ ಬಂದುಬಿಟ್ಟಿದ್ದಾನೆ!" ಎಂದು ನಕ್ಕಳು. ಆ ನಗು ಅವಳಿಗೆ ಚುಚ್ಚಿತು.

ಮೂರನೆಯ ದಿನವೂ ಗಾಜಿನ ಅಂಚಿನಲ್ಲಿ ಬಿಳಿಯ ಪುಡಿ ಇತ್ತು. ಕವಲುಹವಳ ಮೂರನೆಯ ಹಲ್ಲಿಗೆ ಬಂದಿತ್ತು. ಬಸವನಹುಳು ಕೆಳಗೆ ಬಿದ್ದು ಅಲುಗಾಡದೆ ಇತ್ತು.

ಅವಳು ಯಾಕೋ ಆ ಪುಡಿಯನ್ನು ಬೆರಳ ತುದಿಯಿಂದ ತೆಗೆದು ನಾಲಿಗೆಗೆ ಮುಟ್ಟಿಸಿದಳು.

ಉಪ್ಪು.

ಉಪ್ಪುನೀರು ಚೆಲ್ಲಿದವರು ಯಾರೆಂದು ನೋಡಲು ಮರುದಿನ ಅವಳು ಏಳು ಗಂಟೆಗೇ ಬಂದಳು. ಅವಳ ಟೇಬಲ್ಲಿನ ದೀಪ ಹೊತ್ತಿಕೊಂಡಿತ್ತು. ಅವನು ತೊಳೆದ ಕೈಗಳಲ್ಲಿ ಒಂದು ಅಳತೆಯ ಲೋಟ ಹಿಡಿದು, ಚಮಚದಿಂದ ಟ್ಯಾಂಕಿಗೆ ನೀರು ಬಿಡುತ್ತಿದ್ದ. ಹವಳಕ್ಕೆ ಎಚ್ಚರವಾಗದಿರಲಿ ಎಂಬಷ್ಟು ನಿಧಾನ. ಕೆಂಪು ಗೆರೆ ಮುಟ್ಟಿದ ಕೂಡಲೇ ನಿಲ್ಲಿಸಿ, ಬಗ್ಗಿ, ಉಸಿರು ಬಿಗಿಹಿಡಿದು ನೋಡಿದ.

"ಏನದು?" ಅವಳು ಬಾಗಿಲಲ್ಲೇ ನಿಂತು ಕೇಳಿದಳು.

ಅವನು ಬೆಚ್ಚಿಬಿದ್ದ. "ಮೇಡಂ... ಒಂದು ಸೋಮವಾರ ನೋಡಿದೆ, ನೀರು ಒಂದು ಬೆರಳು ಇಳಿದುಹೋಗಿತ್ತು. ಹೆದರಿಕೆ ಆಯ್ತು. ಹನ್ನೊಂದನೇ ತಿಂಗಳು ಬೇರೆ... ಅವತ್ತಿಂದ ದಿನಾ ಬೆಳಿಗ್ಗೆ ತುಂಬಿಸ್ತಾ ಇದ್ದೀನಿ."

"ಯಾವ ನೀರು?"

"ಉಪ್ಪುನೀರೇ! ಸಮುದ್ರದ್ದಲ್ವಾ ಅದು. ಲೀಟರಿಗೆ ಮೂವತ್ತೈದು ಗ್ರಾಂ, ನಿಮ್ಮ ಉಪ್ಪಿನ ಚೀಲದ ಮೇಲೆ ಬರೆದಿದೆ. ತಕ್ಕಡೀಲಿ ತೂಗಿಯೇ ಹಾಕಿದ್ದೀನಿ. ಪುಡಿ ನೀರು ಕಲೆಸೋದ್ರಲ್ಲಿ ನಾನು ಹದ ತಪ್ಪಲ್ಲ ಮೇಡಂ."

ಅವನ ಕಣ್ಣಲ್ಲಿ ಸಣ್ಣ ಹೆಮ್ಮೆಯಿತ್ತು. ಅದನ್ನು ನೋಡಲು ಅವಳಿಗೆ ಆಗಲಿಲ್ಲ.

ಡ್ರಾಯರಿನಿಂದ ಉಪ್ಪು ಅಳೆಯುವ ಕೊಳವೆ ತೆಗೆದಳು. ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದಳು. ಮೂವತ್ತೈದು ಇರಬೇಕಾದಲ್ಲಿ ನಲವತ್ತಾರು. ಕೊಳವೆಯನ್ನು ಅವನ ಕೈಗೆ ಕೊಟ್ಟು, ಆರುವುದು ನೀರು ಮಾತ್ರ ಎಂದು ಒಂದೇ ವಾಕ್ಯದಲ್ಲಿ ಹೇಳಿದಳು.

ಅವನಿಗೆ ಅರ್ಥವಾಯಿತು. ಪ್ಲಾಸ್ಟರ್ ಇಲ್ಲದೆಯೂ ಮುಖ ಬೆಳ್ಳಗಾಯಿತು. ಮೆಲ್ಲಗೆ ಸ್ಟೂಲಿನ ಮೇಲೆ ಕೂತ.

"ನಾನೇ ಸಾಯಿಸ್ತಾ ಇದ್ದೆ. ದಿನಾ ಬಂದು, ತೂಕ ಹಾಕಿ."

ಅವಳ ನಾಲಿಗೆಯ ತುದಿಗೆ ಹೌದು ಎಂಬ ಮಾತು ಬಂತು. ಅತ್ತೆಯ ಬಾಯಿಂದ ಅಂದು ಹೊರಬಿದ್ದ ಮಾತೂ ಹೀಗೆಯೇ ತುದಿಯಲ್ಲಿತ್ತೇನೋ. ಅವಳು ಅದನ್ನು ನುಂಗಿದಳು.

"ತಿಂಗಳಿಂದ ನಾನೂ ಅಳೆದಿಲ್ಲ" ಎಂದಳು. "ಕೊಳವೆ ಡ್ರಾಯರಲ್ಲೇ ಇತ್ತು. ಯಾವ ನಂಬರ್ ಕಾಣುತ್ತೋ ಅಂತ ಹೆದರಿಕೆ. ಏಳಿ, ಆ ಚಮಚ ಕೊಡಿ."

ಒಮ್ಮೆಗೇ ಸಿಹಿನೀರು ಸುರಿದರೆ ಉಳಿದಿದ್ದೂ ಹೋಗುತ್ತಿತ್ತು. ಆದ್ದರಿಂದ ಗಂಟೆಗೆ ಹತ್ತು ಚಮಚ ಉಪ್ಪುನೀರು ಹೊರಗೆ, ಹತ್ತು ಚಮಚ ಸಿಹಿನೀರು ಒಳಗೆ. ಅವನು ಅಚ್ಚಿಗೆ ಪ್ಲಾಸ್ಟರ್ ಸುರಿದು ಗಟ್ಟಿಯಾಗಲು ಬಿಟ್ಟು ಓಡಿಬರುತ್ತಿದ್ದ, ಅವಳು ಹಲ್ಲನ್ನು ಕುಲುಮೆಗಿಟ್ಟು ಬರುತ್ತಿದ್ದಳು. ಚಮಚ ಕೈಯಿಂದ ಕೈಗೆ ಹೋಗುವಾಗ ಬೆರಳುಗಳು ತಾಗಿದರೂ ಇಬ್ಬರೂ ಹವಳವನ್ನೇ ನೋಡುತ್ತಿದ್ದರು.

"ಉಸಿರು ಬಿಡಿ" ಎಂದಳು ಒಮ್ಮೆ. "ನೀವು ನೀಲಿ ಬಣ್ಣಕ್ಕೆ ಬರ್ತಿದ್ದೀರ. ಅದಕ್ಕೆ ನನ್ನ ಹತ್ರ ಶೇಡ್ ಇಲ್ಲ."

ಅವನು ನಕ್ಕ. ಮತ್ತೆ ಗಾಜಿನತ್ತ ನೋಡಿದಾಗ ನಗು ನಿಂತಿತು.

ನಲವತ್ತಾರು ನಲವತ್ತಾಯಿತು, ಮೂವತ್ತೇಳಾಯಿತು, ಕೊನೆಗೆ ಮೂವತ್ತೈದಕ್ಕೆ ಬಂದು ನಿಂತಿತು. ಆದರೆ ಹಸಿರು ಗುಂಡಿಗಳಲ್ಲಿ ನಾಲ್ಕು ಕರಗಿಹೋದವು. ಬಸವನಹುಳುವಿನ ಖಾಲಿ ಚಿಪ್ಪನ್ನು ಅವನೇ ಎತ್ತಿ ಕರ್ಚೀಫಿನಲ್ಲಿ ಸುತ್ತಿಟ್ಟ. ಕವಲುಹವಳ ಎರಡನೆಯ ಹಲ್ಲಿನ ಬಣ್ಣದಲ್ಲಿ ಮುಚ್ಚಿಕೊಂಡೇ ನಿಂತಿತ್ತು, ಬದುಕಿದೆಯೋ ಇಲ್ಲವೋ ಹೇಳದೆ.

ಹನ್ನೆರಡನೆಯ ದಿನದ ಹಿಂದಿನ ಸಂಜೆ. ಎಲ್ಲರೂ ಹೋಗಿದ್ದರು. ಬೆಳಿಗ್ಗೆಗೆ ವರ್ಷ ತುಂಬುತ್ತಿತ್ತು. ಅವನು ಶೇಡ್ ಪಟ್ಟಿಯನ್ನು ಅವಳ ಮುಂದೆ ಚಾಚಿದ.

"ನೋಡಿಬಿಡಿ ಮೇಡಂ. ಏನಿದ್ರೂ ಇವತ್ತೇ ಗೊತ್ತಾಗ್ಲಿ."

ಅವಳು ಪಟ್ಟಿಯನ್ನು ತೆಗೆದುಕೊಂಡಳು. ಟ್ಯಾಂಕಿನ ಕಡೆ ತಿರುಗದೆ ಅದನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು. ಟ್ಯಾಂಕಿನ ದೀಪ ಆರಿಸಿದಳು. ಗಾಜು ಕಪ್ಪಾಯಿತು.

"ನೋಡಿ ಹೇಳ್ತೀನಿ ಅಂದಿದ್ದೆ" ಎಂದಳು. "ನೋಡದೇ ಹೇಳ್ತೀನಿ. ಆಗ್ತೀನಿ, ನಿಮ್ಮನ್ನ ಮದುವೆ ಆಗ್ತೀನಿ."

ಅವನು ಮತ್ತೆ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. "ಬೆಳಿಗ್ಗೆ ಬಂದಾಗ ಅದು ಸತ್ತಿದ್ರೆ?" ಎಂದ.

"ಇಬ್ಬರೂ ಸೇರಿ ಅಳೋಣ. ಈ ಸಲ ಒಬ್ಬಳೇ ಅಳೋದಿಲ್ಲ."

ಅವನು ಬೆನ್ನ ಹಿಂದೆ ಇಟ್ಟುಕೊಂಡಿದ್ದ ಕೈಯನ್ನು ಅವಳು ಎಳೆದುಕೊಂಡಳು. ಉಗುರುಗಳ ಸಂದಿಯಲ್ಲಿ ಇನ್ನೂ ಬಿಳಿಯ ಪ್ಲಾಸ್ಟರ್ ಇತ್ತು. ಅದೇ ಕೈಯನ್ನು ಹಿಡಿದುಕೊಂಡು ಲ್ಯಾಬಿನ ಬಾಗಿಲು ಹಾಕಿದಳು.

ಒಳಗೆ ಕತ್ತಲಲ್ಲಿ ಟ್ಯಾಂಕಿನ ಪುಟ್ಟ ಮೋಟರು ಗುಂಯ್ ಎನ್ನುತ್ತಿತ್ತು. ನೀರು ಕೆಂಪು ಗೆರೆಯಿಂದ ಕೂದಲೆಳೆಯಷ್ಟು ಕೆಳಗಿಳಿದಿತ್ತು, ಇಳಿಯಬೇಕಾದ ಹಾಗೆ.