ಕುರಿರೊಪ್ಪದ ಗ್ರಂಥಾಲಯದ ಮೊದಲ ನಡಾವಳಿ

2026ರ ಜನವರಿ 14, ಬೆಳಿಗ್ಗೆ ಹತ್ತೂಕಾಲು. ತಾಳಗುಂದದ ಹತ್ತಿರದ ಹಳ್ಳಿಯಿಂದ ಗುತ್ಯಮ್ಮ ಎಂಬ ಮುದುಕಿ ಶಿಕಾರಿಪುರದ ಠಾಣೆಗೆ ಬಂದು, ತಾನು ಕಸ ಗುಡಿಸುವ ಗ್ರಂಥಾಲಯದ ಮೊದಲ ನಡಾವಳಿ ಪುಸ್ತಕ ಕಳುವಾಗಿದೆ ಎಂದಳು. ಹಳೇ ಪುಸ್ತಕಕ್ಕೂ ಎಫ್‌ಐಆರ್ ಬೇಕೇ ಎಂಬಂತೆ ಪೇದೆ ಉಜ್ಜಪ್ಪ ಮೂಗು ಮುರಿದ. ಪಿಎಸ್‌ಐ ಸಾವಿತ್ರಿಬಾಯಿ ಮಾತ್ರ ಪೆನ್ನು ಎತ್ತಿಕೊಂಡರು. ಅವರು ಪೊಲೀಸ್ ಪರೀಕ್ಷೆಗೆ ಓದಿದ್ದು ಆ ಗ್ರಂಥಾಲಯದಲ್ಲೇ. ರಜೆಯ ದಿನವೂ ಬಾಗಿಲು ತೆಗೆದು ಅವರನ್ನು ಕೂರಿಸುತ್ತಿದ್ದವರು ಅಲ್ಲಿನ ಕಾರ್ಯದರ್ಶಿ ಚಂದ್ರಶೇಖರಪ್ಪ ಮೇಷ್ಟ್ರು.

ಅರವತ್ತು ವರ್ಷದ ಹಿಂದೆ ಗುತ್ಯಮ್ಮನ ಗಂಡ ಆನಂದಪ್ಪ ಕುರಿಗಳನ್ನು ಬೇರೆಡೆ ಕಟ್ಟಿ ಖಾಲಿ ಮಾಡಿಕೊಟ್ಟ ಕುರಿರೊಪ್ಪದಲ್ಲೇ ಗ್ರಂಥಾಲಯ ಶುರುವಾಗಿತ್ತು. ಬೋರ್ಡಿನಲ್ಲಿ ಸ್ಥಾಪಕರೆಂದು ಇದ್ದದ್ದು ಮೇಷ್ಟ್ರ ತಂದೆ ಬಂಗಾರಪ್ಪನವರ ಹೆಸರು. ಪ್ರತಿ ವಾರ್ಷಿಕೋತ್ಸವಕ್ಕೆ ಮೊದಲ ನಡಾವಳಿಯನ್ನು ಮೇಷ್ಟ್ರೇ ಓದುತ್ತಿದ್ದರು. ಆನಂದಪ್ಪನ ಹೆಸರು ಒಮ್ಮೆಯೂ ಬರುತ್ತಿರಲಿಲ್ಲ. ಮೇಷ್ಟ್ರು ಓದಿದ ಮೇಲೆ ಇನ್ನೊಬ್ಬರು ತೆರೆದು ನೋಡುವ ಮಾತೇ ಇರಲಿಲ್ಲ, ಅಷ್ಟು ನಂಬಿಕೆ.

“ನಮ್ಮೋರ ಹೆಸ್ರು ಕೇಳಿದ್ರೆ, ಬರ್ದಿಲ್ಲಮ್ಮ ಅಂತಿದ್ರು. ನಂಬಿದ್ದೆ. ಈಗ ನಂಗೂ ಓದಾಕೆ ಬರ್ತದ್ರೀ. ಈ ಸಲ ನಾನೇ ಓದ್ತೀನಿ ಅಂದಿದ್ದೆ.”

“ಅಕ್ಷರ ಕಲಿಸಿದ್ಯಾರು?”

“ಮೇಷ್ಟ್ರೇ.”

ಮಧ್ಯಾಹ್ನ 12.40ಕ್ಕೆ ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ಬೀರುವಿನ ಬೀಗ ಒಡೆದಿರಲಿಲ್ಲ, ಕೀಲಿಕೈ ಪಕ್ಕದ ಮೊಳೆಗೇ ನೇತಾಡುತ್ತಿತ್ತು. ಪುಸ್ತಕ ತೆಗೆದವರು ಆ ಜಾಗದಲ್ಲಿ ಮರದ ಪಟ್ಟಿ ನಿಲ್ಲಿಸಿ, ತಾರೀಖು ಬರೆದ ಚೀಟಿ ಅಂಟಿಸಬೇಕೆಂಬುದು ಅಲ್ಲಿನ ಪದ್ಧತಿ. ನಡಾವಳಿ ಇದ್ದ ಜಾಗದಲ್ಲೂ ಪಟ್ಟಿ ನಿಂತಿತ್ತು. ಚೀಟಿಯಲ್ಲಿ ಹೆಸರಿಲ್ಲ, ಸೋಮವಾರದ ತಾರೀಖು ಮಾತ್ರ. ಸೋಮವಾರ ಗ್ರಂಥಾಲಯಕ್ಕೆ ರಜೆ, ಹೊರಬಾಗಿಲಿನ ಕೀಲಿ ಇರುವುದು ಇಬ್ಬರಲ್ಲೇ, ಗುತ್ಯಮ್ಮ ಮತ್ತು ಮೇಷ್ಟ್ರು. ಪರೀಕ್ಷೆಗೆ ಓದುವಾಗ ತಮ್ಮ ಉತ್ತರಗಳನ್ನು ತಿದ್ದುತ್ತಿದ್ದ ಮೇಷ್ಟ್ರ ಕೈಬರಹವನ್ನು ಸಾವಿತ್ರಿಬಾಯಿ ಗುರುತಿಸಿದರು. ಎರವಲು ರಿಜಿಸ್ಟರಿನಲ್ಲಿ ಮೇಷ್ಟ್ರು ಬರೆದದ್ದಕ್ಕೂ ಅದು ತಾಳೆಯಾಯಿತು.

ಮೇಷ್ಟ್ರು ಸೋಮವಾರವೇ ಸೊರಬದ ಮಗಳ ಮನೆಗೆ ಹೋಗಿದ್ದರು. ಜೀಪು ಅಲ್ಲಿ ನಿಂತಾಗ 4.20. ಸಾವಿತ್ರಿಬಾಯಿ ಚೀಟಿಯನ್ನು ಅವರ ಮುಂದಿಟ್ಟರು.

“ಪಟ್ಟಿ ಯಾಕೆ ನಿಲ್ಲಿಸಿದ್ರಿ ಮೇಷ್ಟ್ರೇ?”

ಮೇಷ್ಟ್ರು ಚೀಟಿಯ ಸುಕ್ಕನ್ನು ಬೆರಳಿನಿಂದ ಸರಿಮಾಡಿದರು. “ಕೈ ರೂಢಿ ಕಣಮ್ಮ. ಜಾಗ ಖಾಲಿ ಬಿಡೋಕಾಗ್ಲಿಲ್ಲ.”

ಪುಸ್ತಕ ಅವರ ಟ್ರಂಕಿನಲ್ಲಿ ಪಂಚೆಗಳ ಅಡಿ ಸಿಕ್ಕಿತು. ಮೊದಲ ಪುಟದಲ್ಲೇ ಇತ್ತು: ಜಾಗ ಕೊಟ್ಟವರು ಆನಂದಪ್ಪ. ಕುರಿ ಕಟ್ಟುವ ಜಾಗದಲ್ಲಿ ಕೂರಲಾರೆನೆಂದು ಬಂಗಾರಪ್ಪನವರು ಸಭೆಯಿಂದ ಎದ್ದುಹೋದರು. ತನ್ನ ಬದುಕನ್ನು ನೆಟ್ಟಗೆ ಮಾಡಿದ ಮನುಷ್ಯನೇ ಇಷ್ಟು ವರ್ಷ ಒಬ್ಬ ಹೆಂಗಸಿನ ಕಣ್ಣಿಗೆ ಮಣ್ಣೆರಚಿದ್ದ ಎಂದುಕೊಂಡು ಸಾವಿತ್ರಿಬಾಯಿ ಪುಸ್ತಕ ಮುಚ್ಚಿದರು.

“ಹಾಗಾದ್ರೆ ಅವರಿಗೆ ಓದು ಕಲಿಸಿದ್ಯಾಕೆ?”

“ಕಲಿಸಿ ಅಂದ್ರು. ಇಲ್ಲ ಅನ್ನೋಕೆ ನಂಗೆ ಬರಲ್ಲ.”

5.10ಕ್ಕೆ ಬಂಧನ ದಾಖಲಾಯಿತು. ಕಾಯಿಲೆ ಬಿದ್ದಿದ್ದ ಅಪ್ಪನ ಸಂತೋಷಕ್ಕೆಂದು ಆ ಬೋರ್ಡು ಬರೆಸಿದವರು ಮೇಷ್ಟ್ರೇ, ಅದನ್ನು ನೋಡಿ ಅಪ್ಪ ಅತ್ತಿದ್ದರಂತೆ. ಆಮೇಲೆ ಅಳಿಸುವ ಧೈರ್ಯ ಬರಲಿಲ್ಲ ಎಂದು ಹೇಳಿಕೆಯಲ್ಲಿದೆ.

ಪುಸ್ತಕ ಗುರುತಿಸಲು ಗುತ್ಯಮ್ಮನನ್ನು ಠಾಣೆಗೆ ಕರೆಸಿದರು. ಅವಳು ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಗಂಡನ ಹೆಸರು ಓದಿದಳು. ಆಮೇಲೆ ಬೆಂಚಿನ ಮೇಲೆ ಕೂತಿದ್ದ ಮೇಷ್ಟ್ರ ಕಡೆ ತಿರುಗಿದಳು.

“ನಾ ಓದಿದ್ದು ಸರಿ ಐತಾ ಮೇಷ್ಟ್ರೇ?”

ಮೇಷ್ಟ್ರು ತಲೆ ಎತ್ತದೆ, ಸರಿಯಾಗಿದೆ ಎಂದರು.