ಕಲೆಯಿಲ್ಲದ ರೇಷ್ಮೆ

“ಮತ್ತೆ ರಕ್ತ! ಮದುವೆ ಹುಡುಗಿ ಬಟ್ಟೆ ಕಣೇ ಇದು... ನಿನಗೆ ಹೊಲಿಯೋಕೆ ಬರುತ್ತೋ, ಬರೀ ಚುಚ್ಚಿಕೊಳ್ಳೋಕೆ ಬರುತ್ತೋ?”

ಅತ್ತೆ ರೇಷ್ಮೆಯನ್ನು ಮೇಜಿನ ಮೇಲೆ ಎಸೆದಳು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಸೊಸೆ ಬೆರಳಿಗೆ ಚಿಂದಿ ಒತ್ತಿ ಹಿಡಿದು ತಲೆ ತಗ್ಗಿಸಿದಳು. ಸೂಜಿ ತಾಗಿದ್ದು ಇಷ್ಟೇ ಇಷ್ಟು, ರಕ್ತ ಮಾತ್ರ ನಿಲ್ಲಲೊಲ್ಲದು! ಕತ್ತರಿ ಹಿಡಿದಿದ್ದ ಗಂಡ ಏನೋ ಹೇಳಲು ಬಾಯಿ ತೆರೆದವನು ತಾಯಿಯ ಮುಖ ನೋಡಿ ಮುಚ್ಚಿಕೊಂಡ. ಪಾಪ, ಅವನು ಮೊದಲಿನಿಂದಲೂ ಹಾಗೇ.

ಸೊಸೆಗೆ ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್. ದಿನದ ಮಾತ್ರೆಗೆ ಕುತ್ತಿಗೆಯ ಗಂಟು ಕರಗಿತ್ತು, ಆದರೆ ಅದನ್ನು ನಿಲ್ಲಿಸುವಂತಿರಲಿಲ್ಲ. ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು: “ನೋಡಮ್ಮ, ವರ್ಷಗಟ್ಟಲೆ ತಗೊಂಡ್ರೆ ರಕ್ತ ಬೇಗ ನಿಲ್ಲಲ್ಲ, ಎದೆಬಡಿತ ಏರುಪೇರಾಗಬಹುದು, ಸೋಂಕು ತಗಲಬಹುದು. ಬಿಟ್ರೆ ಗಂಟು ವಾಪಸ್ ಬರಬಹುದು. ನನ್ನ ಕೇಳಿದ್ರೆ ತಗೊಳ್ಳೋದೇ ವಾಸಿ. ತೊಂದ್ರೆ ಆದ್ರೆ ಬನ್ನಿ, ನೀವಾಗಿ ನೀವೇ ನಿಲ್ಲಿಸಬೇಡಿ.”

ಹಾಗೆ ತೂಗಿ ನೋಡಿದ್ದೇನೋ ಸರಿ... ಆದರೆ ಆ ತಕ್ಕಡಿಗೆ ಅತ್ತೆಯ ನಾಲಿಗೆಯನ್ನು ಯಾರೂ ಹಾಕಿರಲಿಲ್ಲವಲ್ಲ!

ಮದುವೆಗಳ ಕಾಲ ಬಂತು. ಏನಾಶ್ಚರ್ಯ! ಸೊಸೆ ಹೊಲಿದ ಒಂದು ಬಟ್ಟೆಯಲ್ಲೂ ಕಲೆಯಿಲ್ಲ. ಅತ್ತೆ ಕನ್ನಡಕ ಏರಿಸಿ ಅಂಚಂಚನ್ನೂ ಹುಡುಕಿದಳು. ಒಂದು ತಪ್ಪೂ ಸಿಗಲಿಲ್ಲ. ಯಾರನ್ನೂ ಹೊಗಳಿ ಅಭ್ಯಾಸವಿಲ್ಲದ ಬಾಯಿ ಕೊನೆಗೂ ಸೋತಿತು.

“ಈಗ ನೋಡು, ಈಗ ನಮ್ಮ ಅಂಗಡಿ ಸೊಸೆ ಅನ್ನಿಸ್ಕೊಂಡೆ. ಬಾ ಇಲ್ಲಿ, ನಿನಗೂ ಒಂದು ಕಾಲರಿನ ಅಂಗಿ ಹೊಲೀತೀನಿ.”

ಮದುವೆಯಾಗಿ ಬಂದಂದಿನಿಂದ ಕಾದಿದ್ದ ಮಾತು! ಸೊಸೆಯ ಕಣ್ಣು ತುಂಬಿತು. ಆದರೂ ಹಿಂದೆ ಸರಿದಳು. “ಬೇಡ ಅತ್ತೆ... ಹಳೇ ಅಳತೆ ಇದೆಯಲ್ಲ.”

“ಹಳೇ ಅಳತೆ ನಂಬಿ ಕತ್ತರಿ ಹಾಕೋರಲ್ಲ ನಾವು!”

ಆ ಮನೆಯ ಪದ್ಧತಿಯೇ ಹಾಗೆ. ಟೇಪಿನ ಒಳಗೆ ಬೆರಳು ತೂರಿಸಿ, ಸುತ್ತ ಆಡಿಸಿ ನೋಡಿಯೇ ಕುತ್ತಿಗೆಯ ಅಳತೆ. ಅತ್ತೆಯ ಬೆರಳು ಕಿವಿಯ ಕೆಳಗೆ ಬಂದು ನಿಂತುಬಿಟ್ಟಿತು. ಅಲ್ಲೊಂದು ಗಂಟು... ಅದರ ಪಕ್ಕ ಇನ್ನೊಂದು.

“ಏನೇ ಇದು?... ಮಾತ್ರೆ ತಗೊಳ್ತಿಲ್ವೇನೇ?”

“ನಿಲ್ಲಿಸಿಬಿಟ್ಟೆ ಅತ್ತೆ... ಮದುವೆ ಕೆಲಸ ಮುಗಿಯೋವರೆಗೆ ಮಾತ್ರ ಅಂದ್ಕೊಂಡೆ. ರೇಷ್ಮೆ ಮೇಲೆ ರಕ್ತ ಬೀಳಬಾರದು ಅಂತ...”

“ಅಯ್ಯೋ ಹುಚ್ಚಿ! ರೇಷ್ಮೆ ಹಾಳಾಗಿ ಹೋಗ್ಲಿ! ನನ್ನ ಬಾಯಿಗೆ ಬೆಂಕಿ ಬೀಳ!” ಅತ್ತೆ ಟೇಪು ಬಿಸಾಡಿ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

ಗಂಡ ಕತ್ತರಿ ಬದಿಗಿಟ್ಟು ಬಂದ. “ಅವತ್ತು ನಾನಾದ್ರೂ ಒಂದು ಮಾತು ಆಡಬೇಕಿತ್ತಮ್ಮ...” ಎಂದು ಅವನು ಮಕ್ಕಳಂತೆ ಅತ್ತ.

“ಮಾತ್ರೆ ಮತ್ತೆ ಶುರು ಮಾಡೋಣ. ಆದ್ರೆ ಮೊದಲಿನ ಹಾಗೇ ಗುಣ ಕಾಣುತ್ತೆ ಅಂತ ಮಾತು ಕೊಡಲಾರೆ,” ಎಂದರು ಡಾಕ್ಟರಮ್ಮ, ಮರುದಿನ ಆಸ್ಪತ್ರೆಯಲ್ಲಿ ಗಂಟು ಮುಟ್ಟಿ ನೋಡಿ.

ಈಗ ಸೂಜಿ ಅತ್ತೆಯ ಕೈಯಲ್ಲಿದೆ. ಕಣ್ಣು ಮಂಜಾಗಿ ದಿನವೂ ಬೆರಳು ಚುಚ್ಚಿಕೊಳ್ಳುತ್ತಾಳೆ. ಬೆಳಿಗ್ಗೆ ಮಾತ್ರೆ ತಂದುಕೊಟ್ಟು, ಸೊಸೆ ನುಂಗುವವರೆಗೂ ಎದುರಿಗೇ ನಿಂತಿರುತ್ತಾಳೆ. ಗಂಟು ಇನ್ನೂ ಕರಗಿಲ್ಲ.

ಅಂಗಿ ಮಾತ್ರ ಮುಗಿಯಿತು. ಸೊಸೆ ತೊಟ್ಟು ಕನ್ನಡಿಯ ಮುಂದೆ ನಿಂತಳು. ಕಾಲರು ಎಲ್ಲಿಯೂ ಒತ್ತುತ್ತಿರಲಿಲ್ಲ.

“ಸಡಿಲ ಆಯ್ತೇನೋ ಅತ್ತೆ?”

“ಇರ್ಲಿ ಬಿಡು. ಗಂಟು ಕರಗಿದ ಮೇಲೆ ಬಿಗಿ ಮಾಡಿ ಕೊಡ್ತೀನಿ.”

ಆದರೆ ಕಾಲರಿನ ಒಳಗೆ, ಗಂಟು ಇನ್ನೂ ಬೆಳೆದರೆ ಬಿಡಿಸಲೆಂದು ಅತ್ತೆ ಮಡಚಿಟ್ಟಿದ್ದ ಬಟ್ಟೆ ಸೊಸೆಯ ಬೆರಳಿಗೆ ತಾಗಿತು. ಅವಳೂ ಹೊಲಿಗೆಯವಳೇ, ಅರ್ಥವಾಯಿತು. ಮಡಿಕೆಯನ್ನು ಹಾಗೇ ಒಳಗೆ ಸೇರಿಸಿ ಗುಂಡಿ ಹಾಕಿಕೊಂಡಳು.